ಸುಡದ ಕಾಲು

ಬೇಸಿಗೆ ನೆತ್ತಿಗೇರಿತ್ತು. ಕೊಯ್ಲಿನ ಭತ್ತವೆಲ್ಲ ಗಿರಣಿಗೆ ಬಂದು ಬಿದ್ದಿತ್ತು. ಕುಸುಬಲಕ್ಕಿಗೆಂದು ಬೆಳಕು ಹರಿಯುವ ಮೊದಲೇ ತೊಟ್ಟಿಯಲ್ಲಿ ಬೆಂದ ಭತ್ತವನ್ನು ಗಂಡಸರು ಕೈಗಾಡಿಯಲ್ಲಿ ತಂದು ಸಿಮೆಂಟಿನ ಕಣದ ಮೇಲೆ ಸುರಿಯುತ್ತಿದ್ದರು. ರಾಶಿಯಿಂದ ಹಬೆ ಏಳುತ್ತಿರುವಾಗಲೇ ಹೆಂಗಸರು ಹಲಗೆ ಎಳೆದು ಅದನ್ನು ತೆಳ್ಳಗೆ ಹರಡಬೇಕು. ಹರಡಿದ ಮೇಲೆ ಉಳಿದದ್ದೆಲ್ಲ ಕಾಲಿನ ಕೆಲಸ. ಸಾಲಾಗಿ ನಿಂತು, ಪಾದ ಎತ್ತದೆ, ನೀರಿನಲ್ಲಿ ನಡೆದಂತೆ ಕಾಲೆಳೆಯುತ್ತ ಈ ತುದಿಯಿಂದ ಆ ತುದಿಗೆ ಹೋಗಬೇಕು. ಅಡಿಯ ಕಾಳು ಮೇಲೆ ಬರುತ್ತದೆ, ಮೇಲಿನದು ಅಡಿಗಿಳಿಯುತ್ತದೆ. ತಿರುಗಿ ನೋಡಿದರೆ ಕಣದ ತುಂಬ ಉತ್ತ ಹೊಲದಂತೆ ಗೆರೆಗಳು.

ಚಪ್ಪಲಿ ಹಾಕಿ ಕಣಕ್ಕೆ ಇಳಿಯುವಂತಿರಲಿಲ್ಲ. ಮಣ್ಣು ಸೇರುತ್ತದೆ ಎನ್ನುವುದು ಒಂದು ಕಾರಣ. ಇನ್ನೊಂದು, ಚಪ್ಪಲಿಗೆ ಏನೂ ತಿಳಿಯುವುದಿಲ್ಲ. ಭತ್ತ ಬೆರಳಸಂದಿಗೆ ಅಂಟಿದರೆ ಇನ್ನೂ ಹಸಿ. ಕಾಲ ಮೇಲಿಂದ ಸರಸರ ಜಾರಿದರೆ ಹದ. ತುದಿ ಚುಚ್ಚತೊಡಗಿದರೆ ಒಣಗಿದ್ದು ಹೆಚ್ಚಾಯಿತು. ಅಂಥದ್ದನ್ನು ಮಿಷನ್ನಿಗೆ ಹಾಕಿದರೆ ಅಕ್ಕಿ ಹೋಗಿ ನುಚ್ಚು ಬೀಳುತ್ತದೆ. ಒಂದೆರಡು ಕಾಳು ಕಚ್ಚಿ ನೋಡಿ ಹೇಳುವವರೂ ಇದ್ದರು. ಆದರೆ ಹಲ್ಲು ಹೇಳುವುದು ಒಂದು ಕಾಳಿನ ಸುದ್ದಿ, ಪಾದ ಹೇಳುವುದು ಇಡೀ ಕಣದ್ದು.

ಆ ಪಾದ ಇದ್ದದ್ದು ಕಣದಲ್ಲಿದ್ದ ಇಬ್ಬರು ವಾರಗಿತ್ತಿಯರಲ್ಲಿ ಕಿರಿಯವಳಿಗೆ. ಮದುವೆಯಾಗಿ ಬಂದ ವರ್ಷದಿಂದಲೂ ಅವಳು ಕಣದವಳು. ‘ಆಯ್ತು, ಗುಡ್ಡೆ ಹಾಕಿ’ ಎಂದು ಕೂಗುವ ಅಧಿಕಾರ ಮಾತ್ರ ಹೆಂಗಸರ ಮುಂದಾಳು ಕಣದಕ್ಕನದು. ಹಳೆಯ ಕಣದಕ್ಕ ಈ ಸುಗ್ಗಿಗೆ ಮುಂಚೆ ಕೆಲಸ ಬಿಟ್ಟು ಮಗಳ ಮನೆ ಸೇರಿದಾಗ, ಆ ಜಾಗ ಕಿರಿಯವಳದೇ ಎಂದು ಎಲ್ಲರೂ ಅಂದುಕೊಂಡಿದ್ದರು. ಎಲ್ಲರಿಗಿಂತ ಮೊದಲು ಅವಳೇ ಅಂದುಕೊಂಡಿದ್ದಳು.

ಮೇಸ್ತ್ರಿ ಅದನ್ನು ಅವಳ ವಾರಗಿತ್ತಿಗೆ ಕೊಟ್ಟ.

ಹಿರಿಯವಳು, ಎಂದರೆ ಗಂಡನ ಅಣ್ಣನ ಹೆಂಡತಿ, ಕಣಕ್ಕೆ ಬಂದದ್ದೇ ಹೋದ ವರ್ಷ. ಅದಕ್ಕೂ ಮುಂಚೆ ಚೀಲ ಹೊಲಿಯುವ ಕೋಣೆಯಲ್ಲಿ ಇದ್ದವಳು. ಸಕ್ಕರೆ ಕಾಯಿಲೆಗೆ ಬಹಳ ಕಾಲದಿಂದ ಮಾತ್ರೆ ನುಂಗುತ್ತಿದ್ದಳು. ನೆನಪಾದ ದಿನ ನುಂಗುತ್ತಿದ್ದಳು, ಇಲ್ಲದ ದಿನ ಇಲ್ಲ. ಮನೆಯಲ್ಲಿ ಯಾವ ಮಾತು ಬಂದರೂ ‘ಕಿರಿಯವಳನ್ನ ನೋಡಿ ಕಲಿ’ ಎಂದು ಕೇಳಿಸಿಕೊಂಡೇ ನಡುವಯಸ್ಸು ದಾಟಿದವಳು. ಈ ಬೇಸಿಗೆಯಲ್ಲಿ ಅವಳು ಒಂದು ಅದ್ಭುತ ಮಾಡಿ ತೋರಿಸಿದ್ದಳು. ಮಧ್ಯಾಹ್ನದ ಹೊತ್ತು ಕಣ ಕಾದ ಹೆಂಚಾದಾಗ ಉಳಿದವರು ಒಂದು ಸಾಲು ಎಳೆಯುವಷ್ಟರಲ್ಲಿ ಕುಣಿಯುತ್ತ ಹೊಂಗೆಯ ನೆರಳಿಗೆ ಓಡುತ್ತಿದ್ದರು. ಇವಳು ಮಾತ್ರ ತೋಟ ಸುತ್ತಲು ಹೊರಟವಳ ಹಾಗೆ ನಿಧಾನವಾಗಿ ಹೋಗಿ, ನಿಧಾನವಾಗಿ ತಿರುಗಿ ಬರುತ್ತಿದ್ದಳು. ಮೇಸ್ತ್ರಿಯ ಕಣ್ಣಿಗೆ ಬಿದ್ದದ್ದು ಅದೇ.

“ಅದು ಕಾಲಲ್ಲ, ಕಬ್ಬಿಣ,” ಎಂದ ಮೇಸ್ತ್ರಿ. “ನೀವೂ ಇದೀರಿ, ಬೆಣ್ಣೆ ಪಾದದೋರು.”

“ಕಬ್ಬಿಣಾನೂ ಕಾಯುತ್ತಪ್ಪ,” ಎಂದಳು ಗಿಣಿ. ಬಾಯಿಗೆ ಬಿಡುವಿಲ್ಲದ್ದಕ್ಕೆ ಕಣದವರು ಅವಳಿಗಿಟ್ಟ ಹೆಸರು ಅದು. “ಇವರದ್ದು ಕಾಯೋದೇ ಇಲ್ವಲ್ಲ. ಏನಕ್ಕ, ಯಾವ ಎಣ್ಣೆ ಹಚ್ತೀರಿ? ನಮಗೂ ಚೂರು ಹೇಳಿ.”

ಹಿರಿಯವಳು ನಕ್ಕಳು. ಅವಳಿಗೆ ನಗಲು ಕಾರಣ ಸಿಕ್ಕಿದ್ದೇ ಅಪರೂಪ.

ಕಿರಿಯವಳು ನಗಲಿಲ್ಲ. ಅಂದು ಮಧ್ಯಾಹ್ನ ಅವಳು ನೆರಳಿಗೆ ಹೋಗದೆ ವಾರಗಿತ್ತಿಯ ಪಕ್ಕದ ಸಾಲು ಹಿಡಿದಳು. ಇವಳಿಗಾಗುವುದು ನನಗೇಕೆ ಆಗದು ಎಂಬ ಒಂದೇ ಹಟ. ಮೊದಲ ಸಾಲಿಗೆ ಕಣ್ಣಲ್ಲಿ ನೀರು ಬಂತು. ಎರಡನೆಯದಕ್ಕೆ ತುಟಿ ಕಚ್ಚಿದಳು. ಪಕ್ಕದಲ್ಲಿ ಹಿರಿಯವಳು ಯಾವುದೋ ಹಾಡು ಗುನುಗುತ್ತಿದ್ದಳು. ಆ ಗುನುಗಿಗೆ ಕಿರಿಯವಳ ಹೊಟ್ಟೆ ಪಾದಕ್ಕಿಂತ ಹೆಚ್ಚು ಉರಿಯಿತು.

ಸಂಜೆ ಅವಳು ಬಕೆಟ್ಟಿನ ನೀರಲ್ಲಿ ಬೊಬ್ಬೆ ಎದ್ದ ಕಾಲಿಟ್ಟು ಕೂತದ್ದನ್ನು ಗಂಡ ನೋಡಿದ.

“ಏನಿದು, ಕೆಂಡ ತುಳಿದು ಬಂದಿದೀಯಾ?”

“ನಿಮ್ಮ ಅತ್ತಿಗೆ ತುಳೀತಾರಲ್ಲ, ಅವರನ್ನ ಕೇಳಿ.”

“ಅತ್ತಿಗೆ ಕಣದಕ್ಕ ಆದರೆ ನಿನಗೇನು ನಷ್ಟ? ಮನೆಗೇ ಬಂತಲ್ಲ.”

“ಮನೆಗೆ ಬಂತು. ನನಗೆ ಬರಲಿಲ್ಲ.”

ಒಂದೇ ಅಂಗಳದ ಎರಡು ಮನೆ. ಎದುರು ಬಾಗಿಲಲ್ಲಿ ಹಿರಿಯವಳು ಆಗತಾನೆ ಒಳಗೆ ಹೋಗುತ್ತಿದ್ದಳು. ಅವಳ ಒಂದು ಕಾಲಲ್ಲಿ ಮಾತ್ರ ಚಪ್ಪಲಿಯಿತ್ತು. ಇನ್ನೊಂದು ದಾರಿಯ ನಡುವೆ ಕಳಚಿ ಬಿದ್ದಿತ್ತು, ಅವಳಿಗೆ ಗೊತ್ತೇ ಇರಲಿಲ್ಲ. ಗಂಡ ನಕ್ಕ. “ಅಧಿಕಾರ ಬಂದ ಮೇಲೆ ಅತ್ತಿಗೆ ಕಾಲು ನೆಲದ ಮೇಲಿಲ್ಲ ನೋಡು.” ಕಿರಿಯವಳೂ ನಕ್ಕಳು. ಆದರೆ ನಗು ಅರ್ಧಕ್ಕೆ ನಿಂತಿತು. ಚಪ್ಪಲಿ ಜಾರಿದ್ದು ಯಾರಿಗಾದರೂ ಗೊತ್ತಾಗದೆ ಇರುತ್ತದೆಯೆ?

ಅಂದಿನಿಂದ ಅವಳು ವಾರಗಿತ್ತಿಯ ಮುಖ ನೋಡುವುದನ್ನು ಬಿಟ್ಟು ಕಾಲು ನೋಡತೊಡಗಿದಳು. ಭತ್ತ ಹದಕ್ಕೆ ಬರುವ ಹೊತ್ತಿಗೆ ಸರಿಯಾಗಿ ಹಿರಿಯವಳು ಏನೋ ನೆಪ ಮಾಡಿಕೊಂಡು ಅವಳ ಹತ್ತಿರ ಬಂದು ನಿಲ್ಲುತ್ತಿದ್ದಳು. “ಏನಂತೀಯೆ?” ಎಂದು ಮೆಲ್ಲಗೆ ಕೇಳುತ್ತಿದ್ದಳು. ಇವಳು “ಆಯ್ತು” ಎಂದರೆ, ಅವಳು ನಾಲ್ಕು ಹೆಜ್ಜೆ ಆಚೆ ಹೋಗಿ “ಆಯ್ತು, ಗುಡ್ಡೆ ಹಾಕಿ” ಎಂದು ಕೂಗುತ್ತಿದ್ದಳು. ಇಷ್ಟು ದಿನ ಕಿರಿಯವಳು ಅದನ್ನು ದೊಡ್ಡವರ ಸೌಜನ್ಯ ಎಂದುಕೊಂಡಿದ್ದಳು. ಈಗ ಬೇರೆಯಾಗಿ ಕಂಡಿತು. ಕಾಲು ನನ್ನದು, ಬಾಯಿ ಅವಳದು. ಹೆಸರೂ ಅವಳದೇ.

ಮರುದಿನ “ಏನಂತೀಯೆ?” ಎಂದು ಬಂದಾಗ ಕಿರಿಯವಳು ತಿರುಗಿಯೂ ನೋಡದೆ, “ಕಣದಕ್ಕ ನೀನು. ನಿನಗೆ ಗೊತ್ತಿರಬೇಕಲ್ಲ,” ಎಂದಳು.

ಹಿರಿಯವಳು ಭತ್ತದ ಮೇಲೆ ಪಾದ ಆಡಿಸಿದಳು, ಮತ್ತೆ ಆಡಿಸಿದಳು. ಬಗ್ಗಿ ಒಂದು ಕಾಳು ಎತ್ತಿ ಕಚ್ಚಿದಳು. “ಇನ್ನೊಂದು ಸುತ್ತು ಎಳೀರಿ,” ಎಂದಳು. ಎಲ್ಲರೂ ಎಳೆದರು. ಭತ್ತ ಸೂಜಿಯಂತೆ ಚುಚ್ಚುತ್ತಿತ್ತು. ಕಿರಿಯವಳಿಗೆ ಆ ಚುಚ್ಚು ಹಿತವಾಗಿತ್ತು.

ಆ ರಾಶಿಯ ಅಕ್ಕಿ ಅರ್ಧಕ್ಕರ್ಧ ನುಚ್ಚಾಯಿತು. ಮೇಸ್ತ್ರಿ ಕಣಕ್ಕೆ ಬಂದು ಕೂಗಾಡಿದ. ಹಿರಿಯವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ವಾರಗಿತ್ತಿಯ ಹೆಸರು ಎತ್ತಲಿಲ್ಲ. ಅವಳು ಎತ್ತದೆ ಇದ್ದದ್ದೂ ಕಿರಿಯವಳಿಗೆ ಸೈರಣೆಯಾಗಲಿಲ್ಲ. ಬೈಸಿಕೊಂಡೂ ದೊಡ್ಡವಳೇ ಆಗುತ್ತಾಳಲ್ಲ ಇವಳು ಎನಿಸಿತು.

ಇನ್ನು ಮುಂದೆ ಕಾಲೇ ತನ್ನ ಬಲ ಎಂದು ತಿಳಿದಳೋ ಏನೋ, ಹಿರಿಯವಳು ಮಧ್ಯಾಹ್ನದ ಸಾಲುಗಳನ್ನೆಲ್ಲ ಒಬ್ಬಳೇ ಎಳೆಯತೊಡಗಿದಳು. ಹಾಗೆ ಎಳೆಯುತ್ತಿದ್ದ ಒಂದು ದಿನ ಕಿರಿಯವಳು ನೆರಳಿನಿಂದ ನೋಡುತ್ತಿದ್ದಳು. ವಾರಗಿತ್ತಿ ಭತ್ತದಿಂದ ಹೊರಬಂದು ಬರಿಯ ಸಿಮೆಂಟಿನ ಮೇಲೆ ಹೆಜ್ಜೆಯಿಟ್ಟಲ್ಲೆಲ್ಲ ಒದ್ದೆಯ ಗುರುತು ಮೂಡಿತು. ಸುತ್ತ ಎಲ್ಲೂ ನೀರಿರಲಿಲ್ಲ.

ನಲ್ಲಿಯ ಹತ್ತಿರ ಅವಳನ್ನು ಹಿಡಿದು ನಿಲ್ಲಿಸಿದಳು. “ಅಕ್ಕ, ಕಾಲೆತ್ತು. ಅಡಿ ನೋಡೋಣ.”

“ನನ್ನ ಕಾಲಿಗೆ ನಿನ್ನ ಕಣ್ಣು ಬೀಳದೆ ಇದ್ದರೆ ಸಾಕು ಕಣೇ.”

“ಎತ್ತು ಅಂದೆ.”

ಹಿರಿಯವಳು ಗೋಡೆ ಹಿಡಿದು ಕಾಲೆತ್ತಿದಳು. ಅಂಗಾಲಿನ ತೊಗಲು ಮಡಚಿಕೊಂಡು ಒಂದು ಕಡೆ ಸರಿದಿತ್ತು. ಒಳಗೆ ಹಸಿ ಮಾಂಸ, ಅದರಲ್ಲಿ ಭತ್ತದ ಕಾಳುಗಳು ನಾಟಿಕೊಂಡಿದ್ದವು.

“ನೋವಾಗ್ತಿಲ್ವಾ?”

“ನೋವಾಗಿದ್ದರೆ ಈ ಕೆಲಸ ಮಾಡ್ತಿದ್ದೆನಾ?” ಅವಳ ಧ್ವನಿ ಇಳಿಯಿತು. “ಹತ್ತಿ ಸುತ್ತಿ ನಡೆಸಿದ ಹಾಗಿರುತ್ತೆ. ಮೊಣಕಾಲಿಂದ ಕೆಳಗೆ ನಂದು ಅನ್ನಿಸೋದೇ ಇಲ್ಲ. ಮೊದಮೊದಲು ರಾತ್ರಿ ಜುಮುಜುಮು ಅಂತಿತ್ತು, ಈಗ ಅದೂ ಇಲ್ಲ.” ಆಮೇಲೆ ಕೈ ಹಿಡಿದಳು. “ಯಾರಿಗೂ ಹೇಳಬೇಡ. ಸುಗ್ಗಿ ಮುಗಿಯೋ ತನಕ. ನನ್ನನ್ನ ಯಾರಾದರೂ ಮೆಚ್ಚಿದ್ದು ಇದೇ ಮೊದಲು ಕಣೇ, ನಿನಗೆ ಗೊತ್ತಿಲ್ವಾ.”

ಕಿರಿಯವಳು ಹೇಳುವುದಿಲ್ಲ ಎಂದಳು. ಬಟ್ಟೆ ಹರಿದು ಕಟ್ಟಿಯೂ ಕೊಟ್ಟಳು. ಅದು ಕರುಣೆಯಿಂದಲೇ ಎಂದು ಅವಳು ನಂಬಿದ್ದಳು. ಆದರೆ ಹಾಗೇ ಕೂತು ಯೋಚಿಸಿದಾಗ ಇನ್ನೊಂದೂ ಇತ್ತು. ಹೇಳಿದರೆ ಕಣದವರೆಲ್ಲ ಏನನ್ನುತ್ತಾರೆ? ಜಾಗಕ್ಕಾಗಿ ವಾರಗಿತ್ತಿಯ ಕಾಯಿಲೆ ಸಾರಿದಳು ಅನ್ನುತ್ತಾರೆ. ಹೇಳುವುದೇ ಸರಿ ಎಂದು ಗೊತ್ತಿತ್ತು. ಅದರಿಂದ ತನಗೇ ಲಾಭ ಎಂಬುದೂ ಗೊತ್ತಿತ್ತು. ಎರಡೂ ಒಂದೇ ಬಾಗಿಲಲ್ಲಿ ಸಿಕ್ಕಿಕೊಂಡು ಯಾವುದೂ ಹೊರಗೆ ಬರಲಿಲ್ಲ. ಹಾಗೇ ದಿನಗಳು ಹೋದವು. ಹಿರಿಯವಳು ಬಟ್ಟೆ ಕಟ್ಟಿಕೊಂಡೇ ನಡೆದಳು, ಕೇಳಿದವರಿಗೆ ಹಿಮ್ಮಡಿ ಒಡೆದಿದೆ ಎಂದಳು. ಹತ್ತಿರ ಹೋದರೆ ವಾಸನೆ ಬರತೊಡಗಿತ್ತು.

ಒಂದು ಮಧ್ಯಾಹ್ನ ಗಿರಣಿಯ ಯಜಮಾನ ಕಣ ನೋಡಲು ಬಂದ. ಮೇಸ್ತ್ರಿ ಕೊಡೆ ಹಿಡಿದು ಜೊತೆಗಿದ್ದ. ಹಿರಿಯವಳು ಕಣದ ನಡುವೆ ಒಬ್ಬಳೇ ಕಾಲೆಳೆಯುತ್ತಿದ್ದಳು.

“ನೋಡಿ ಸ್ವಾಮಿ, ನಮ್ಮ ಕಣದಕ್ಕ. ಬಿಸಿಲು ಇವಳಿಗೆ ಹೆದರುತ್ತೆ,” ಎಂದ ಮೇಸ್ತ್ರಿ. ಆಮೇಲೆ ನೆರಳಿನ ಕಡೆ ತಿರುಗಿ, ಎಲ್ಲರನ್ನೂ ಬಿಟ್ಟು ಕಿರಿಯವಳನ್ನೇ ನೋಡಿದ. “ಅದೇ ಮನೆಯಿಂದ ಬಂದಿದೀಯ. ಅವಳ ಹತ್ತಿರ ಚೂರು ಕಲಿಯಬಾರದಾ?”

ಕಿರಿಯವಳು ಎದ್ದು ನಿಂತದ್ದು ಅವಳಿಗೇ ಗೊತ್ತಾಗಲಿಲ್ಲ.

“ಏನು ಕಲೀಲಿ? ಅದು ಕಬ್ಬಿಣ ಅಲ್ಲ, ಸತ್ತ ಕಾಲು. ಸೂಜಿ ತಂದು ಚುಚ್ಚಿ ನೋಡಿ. ಬಟ್ಟೆ ಬಿಚ್ಚಿಸಿ ನೋಡಿ, ಹುಳ ಬಿದ್ದಿದ್ದರೂ ಗೊತ್ತಾಗಲ್ಲ ಅವಳಿಗೆ. ಭತ್ತ ಒಣಗಿದ್ದು ನಾನು ಹೇಳಬೇಕು, ಕೂಗೋದು ಅವಳು.”

ಹಿರಿಯವಳು ಕಣದ ನಡುವೆ ನಿಂತುಬಿಟ್ಟಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಎಲ್ಲರೆದುರು ಬಟ್ಟೆ ಕಳಚಿಬಿದ್ದವಳ ಮುಖವಾಗಿತ್ತು ಅದು.

ಅವತ್ತೇ ಅವಳನ್ನು ಗಿರಣಿಯ ಗಾಡಿಯಲ್ಲಿ ಆಸ್ಪತ್ರೆಗೆ ಹಾಕಿಕೊಂಡು ಹೋದರು. ನಂಜು ಏರಿತ್ತು. ಕಾಲಿನ ಹೆಬ್ಬೆರಳು ಮತ್ತು ಅದರ ಪಕ್ಕದ್ದು ಹೋದವು. ಇನ್ನು ಸ್ವಲ್ಪ ತಡವಾಗಿದ್ದರೆ ಮೊಣಕಾಲಿನವರೆಗೆ ತೆಗೆಯಬೇಕಿತ್ತು ಎಂದರು ಡಾಕ್ಟರು. ಗಾಯ ಕಟ್ಟುವ ನರ್ಸು ಮಾತುಗಾತಿ. “ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರೆ. ಅಂಗಾಲಿನ ಹುಣ್ಣಿಗೆ ಬೇಕಮ್ಮ. ಕನ್ನಡಿ ಇಲ್ಲದಿದ್ದರೆ ಮನೆಯವರು ದಿನಾ ನೋಡಬೇಕು. ಮೊದಲು ನೋಡಿದ್ದು ಯಾರು?”

“ನಾನು,” ಎಂದಳು ಕಿರಿಯವಳು.

“ನೋಡಿ ಅಮ್ಮ, ನಿಮ್ಮ ಕಾಲು ಉಳಿಸಿದ್ದು ಇವರೇ. ಇವರ ಋಣ ದೊಡ್ಡದು.”

ಹಿರಿಯವಳು ಚಾವಣಿ ನೋಡುತ್ತ ಮಲಗಿದ್ದಳು. “ಅವಳು ನೋಡಿದ್ದು ನನ್ನ ಕಾಲಲ್ಲ,” ಎಂದಳು. “ನನ್ನ ಜಾಗ.”

ನರ್ಸು ಕತ್ತರಿ ಎತ್ತಿಕೊಂಡು ಬಟ್ಟೆ ಕತ್ತರಿಸತೊಡಗಿದಳು. ಕಿರಿಯವಳು ಅಲ್ಲ ಎನ್ನಲು ಬಾಯಿ ತೆರೆದಳು. ಆದರೆ ಆ ಮಾತು ಸುಳ್ಳೆನ್ನುವಂತಿರಲಿಲ್ಲ, ಪೂರ್ತಿ ನಿಜವೂ ಆಗಿರಲಿಲ್ಲ.

ಮುಂದಿನ ಸುಗ್ಗಿಗೆ ಕಿರಿಯವಳೇ ಕಣದಕ್ಕನಾದಳು. ಅವಳು ಕೂಗಿದಾಗ ಭತ್ತ ಹದದಲ್ಲೇ ಇರುತ್ತಿತ್ತು, ನುಚ್ಚಿನ ಮಾತು ಬರಲಿಲ್ಲ. ಆದರೂ ಅವಳು ಹತ್ತಿರ ಬಂದರೆ ಹೆಂಗಸರ ಮಾತು ತುಸು ತಗ್ಗುತ್ತಿತ್ತು. ಗಿಣಿ ಒಮ್ಮೆ, “ನಮ್ಮ ಕಾಲೆಲ್ಲ ಸರಿ ಇದೆಯಾ ನೋಡಿಬಿಡಿ ಅಕ್ಕ, ಆಮೇಲೆ ಯಜಮಾನರಿಗೆ ಹೇಳೋದು ಬೇಡ,” ಎಂದು ನಗೆಯಾಡಿದಳು. ಕಿರಿಯವಳೂ ನಕ್ಕಂತೆ ಮಾಡಿದಳು.

ಸಂಜೆ ಅಂಗಳ ದಾಟಿ ಎದುರು ಮನೆಗೆ ಹೋಗುವುದು ತಪ್ಪಿರಲಿಲ್ಲ. ಹಿರಿಯವಳು ಮಂಚದ ಮೇಲೆ ಕೂತು, ಮುಖವನ್ನು ಗೋಡೆಯ ಕಡೆ ತಿರುಗಿಸಿ, ಕಾಲನ್ನು ಮಾತ್ರ ಮುಂದೆ ಚಾಚುತ್ತಿದ್ದಳು. ಕಿರಿಯವಳು ದೀಪ ಹತ್ತಿರ ತಂದು ಅಂಗಾಲು, ಹಿಮ್ಮಡಿ, ಉಳಿದ ಬೆರಳುಗಳ ಸಂದಿ ಎಲ್ಲ ಬಿಡಿಸಿ ನೋಡಿ, ಬಟ್ಟೆಯಿಂದ ಒರೆಸುತ್ತಿದ್ದಳು. ಎಷ್ಟು ಒತ್ತಿದರೂ ಆ ಕಾಲು ಅವಳ ಕೈಯನ್ನು ಗುರುತಿಸುತ್ತಿರಲಿಲ್ಲ.

“ಏನೂ ಇಲ್ಲ ಅಕ್ಕ. ಚೆನ್ನಾಗಿದೆ.”

“ಸರಿಯಾಗಿ ನೋಡಿದೆಯಾ?”

“ನೋಡಿದೆ.”

“ನೋಡಿರ್ತೀಯ ಬಿಡು. ನಂದು ಅನ್ನೋದು ಯಾವುದು ತಾನೇ ನಿನ್ನ ಕಣ್ಣಿಗೆ ತಪ್ಪಿದೆ.”

ಕಿರಿಯವಳು ಕಾಲನ್ನು ಮೆಲ್ಲಗೆ ಮಂಚದ ಮೇಲಿಟ್ಟು, ದೀಪ ತೆಗೆದುಕೊಂಡು ಎದ್ದಳು. ನಾಳೆ ಮತ್ತೆ ಬರಬೇಕಿತ್ತು.