ಡಯಾಲಿಸಿಸ್ ವಾರ್ಡಿನ ಪಂಕ್ತಿ

ಕಿಡ್ನಿ ಎರಡೂ ಕೈಕೊಟ್ಟಿದ್ದವೇ ಹೊರತು ಶಿವರತ್ನಮ್ಮನ ಗಂಟಲು ಕೈಕೊಟ್ಟಿರಲಿಲ್ಲ. ಸೋಮವಾರ, ಗುರುವಾರ ಬೆಳಿಗ್ಗೆ ಮುಳ್ಳೂರಿನ ಬಸ್ಸಿಳಿದು ಅವಳು ಕೊಳ್ಳೇಗಾಲದ ಡಯಾಲಿಸಿಸ್ ವಾರ್ಡಿಗೆ ಬಂದಳೆಂದರೆ, ಒಳಗಿದ್ದ ನರ್ಸ್ ಕುಸುಮಳಿಗೆ ಗೇಟಿನಿಂದಲೇ ಸುದ್ದಿ ತಿಳಿಯುತ್ತಿತ್ತು. ಗೇಟಿನ ಪಕ್ಕ ಎಳನೀರು ಮಾರುವವನಿಗೆ ವಾರಕ್ಕೆರಡು ಸಲ ತಪ್ಪದೆ ಬೈಗುಳ.

"ಏನ್ಲಾ, ಗುಟುಕು ನೀರ್ಗೂ ಲೆಕ್ಕ ಆಕೋ ಜನ ಬರೋ ಬಾಗ್ಲಲ್ಲಿ ಎಳ್ನೀರ್ ಗುಡ್ಡೆ ಆಕ್ಕಂಡು ಕುಂತಿದ್ದೀಯಲ್ಲ, ಅತ್ಲಾಗ್ ತಳ್ಕಂಡ್ ಓಗ್ಲಾ ಗಾಡಿಯ!"

ಅವನು ನಕ್ಕು ಗಾಡಿಯನ್ನು ಒಂದು ಗೇಣು ಸರಿಸುತ್ತಿದ್ದ. ಅವಳು ಒಳಗೆ ಹೋದಮೇಲೆ ಅದು ಮತ್ತೆ ಅಲ್ಲಿಗೇ ಬರುತ್ತಿತ್ತು.

ಈ ಗಂಟಲನ್ನು ಅವಳು ಪಳಗಿಸಿದ್ದು ಊಟದ ಪಂಕ್ತಿಗಳಲ್ಲಿ. ಮುಳ್ಳೂರಿನಲ್ಲಿ ಮದುವೆಯಿರಲಿ, ತಿಥಿಯಿರಲಿ, ಬಡಿಸುವ ಮೇಲುಸ್ತುವಾರಿ ಇಪ್ಪತ್ತು ವರ್ಷ ಅವಳದೇ. ಅಡಿಗೆಗೆ ಅವಳು ಕೈಹಚ್ಚುತ್ತಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಪಂಕ್ತಿಯ ತಲೆಗೆ ನಿಂತರೆ ಮುಗಿಯಿತು, ಯಾವ ಎಲೆಗೆ ಎಷ್ಟು ಬಿತ್ತು ಎನ್ನುವುದು ಅವಳ ಕಣ್ಣಿಗೆ ತಪ್ಪುತ್ತಿರಲಿಲ್ಲ. ಒಮ್ಮೆ ಬಡಿಸುವವನೊಬ್ಬ ತನ್ನ ಭಾವಮೈದುನನಿಗೆ ಎರಡನೇ ಸಲ ತುಪ್ಪ ಹಾಕಲು ಬಗ್ಗಿದಾಗ ಅವನ ಕೈಯಿಂದ ತುಪ್ಪದ ಗಿಂಡಿಯನ್ನೇ ಕಿತ್ತುಕೊಂಡಿದ್ದಳು. "ಒಂದು ಪಂಕ್ತಿ ಅಂದ್ರೆ ಎಲ್ಲಾರ್ಗೂ ಒಂದೇ ಸೌಟು. ಉಪಚಾರ ಮಾಡೋದಿದ್ರೆ ನಿಮ್ಮನೇಗ್ ಕರ್ಕಂಡೋಗಿ ಮಾಡು!"

ಅಂಥವಳನ್ನು ಈಗ ಆರು ಮಂಚದ ಸಾಲಿನಲ್ಲಿ ಮೂರನೆಯ ಮಂಚಕ್ಕೆ ಹಾಕಿ, ಎಡಗೈಯನ್ನು ಮೆಷಿನ್ನಿಗೆ ಸೇರಿಸಿ, ನಾಲ್ಕು ಗಂಟೆ ಸುಮ್ಮನೆ ಮಲಗು ಎಂದಿದ್ದರು. ಅವಳ ಬಲಕ್ಕೆ ನಾಲ್ಕನೆಯ ಮಂಚದಲ್ಲಿ ಚೆನ್ನಯ್ಯ. ಅವನೂ ಮುಳ್ಳೂರಿನವನೇ, ಆದರೆ ಕೆಳಗಿನ ಬೀದಿಯವನು. ಒಂದೇ ಬಸ್ಸಿನಲ್ಲಿ ಬರುತ್ತಿದ್ದರೂ ಇಬ್ಬರಿಗೂ ಮಾತು ಕಡಿಮೆ. ಎಡಕ್ಕೆ ಶಾಗ್ಯದ ಮಾದೇಶ, ಮೂವತ್ತೈದರ ಆಟೊ ಡ್ರೈವರು. ಹನೂರಿನಲ್ಲಿ ಮಂಚ ಖಾಲಿಯಿಲ್ಲದೆ ಇಲ್ಲಿಗೆ ಬರುತ್ತಿದ್ದ. ಅವನ ಆಚೆಗೆ ಸೋಮಮ್ಮ, ಮಾತಿಗೆ ಮುಂಚೆ ನಗುವ ಹೆಂಗಸು.

ಈ ಸಾಲಿಗೆ ಒಂದು ದಿನ ಮಧುಶ್ರೀ ಬಂದಳು. ಯಳಂದೂರು ಕಡೆಯ ಹುಡುಗಿ. ಡಾಕ್ಟರಾಗಿ, ಮೆಡಿಕಲ್ ಕಾಲೇಜಿನಿಂದ ಸಂಶೋಧನೆಗೆ ಬಂದವಳು. ಕೈಯಲ್ಲಿ ಫಾರಮ್ಮುಗಳು, ಒಂದು ಡಬ್ಬಿ, ಜೊತೆಗೆ ಇಕ್ಕಳದಂಥ ಒಂದು ಮೆಷಿನ್ನು.

"ಡಯಾಲಿಸಿಸ್ ಮಾಡಿಸ್ಕೊಳ್ಳೋರಿಗೆ ಮೈಯಲ್ಲಿರೋ ಶಕ್ತಿ ಸೋರಿಹೋಗುತ್ತೆ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. "ನಿಮಗೆ ಅಂತಾನೇ ಮಾಡಿರೋ ಒಂದು ಉಂಡೆ ತಂದಿದ್ದೀನಿ. ಮೆಷಿನ್ ಶುರುವಾಗಿ ಒಂದು ಗಂಟೆಗೆ ತಿನ್ನಬೇಕು. ಅರ್ಧ ಜನ ತಿಂತಾರೆ, ಅರ್ಧ ಜನ ತಿನ್ನಲ್ಲ. ಹನೂರು, ಯಳಂದೂರಲ್ಲೂ ಹೀಗೇ. ಎರಡು ತಿಂಗಳಾದ್ಮೇಲೆ ಕೈ ಹಿಡಿತ ಅಳೀತೀವಿ. ತಿಂದೋರ ಕೈಗೆ ಶಕ್ತಿ ಬಂದಿದ್ರೆ ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಕಡೆ ಎಲ್ಲಾರಿಗೂ ಕೊಡಬೇಕು ಅಂತ ಕಾಲೇಜಿಗೆ ಬರೀತೀನಿ. ವ್ಯತ್ಯಾಸ ಇಲ್ಲ ಅಂದ್ರೆ ಯಾರಿಗೂ ಇಲ್ಲ. ಸೇರೋದು ಬಿಡೋದು ನಿಮ್ಮಿಷ್ಟ."

ಎಲ್ಲರೂ ತಲೆಯಾಡಿಸಿದರು. ಅರ್ಧ ಜನ ತಿನ್ನುವುದಿಲ್ಲ ಎಂಬ ಮಾತು ಯಾರ ಕಿವಿಗೂ ಸರಿಯಾಗಿ ಇಳಿದಿರಲಿಲ್ಲ. ಎಲ್ಲರ ಕಣ್ಣೂ ಆ ಇಕ್ಕಳದ ಮೇಲಿತ್ತು. ಅದನ್ನು ಅದುಮಿದರೆ ಕೈಬಲ ಎಷ್ಟು ಕೆ.ಜಿ. ಎಂದು ತೋರಿಸುತ್ತದಂತೆ. ಮಾದೇಶ ಹಲ್ಲು ಕಚ್ಚಿ ಇಪ್ಪತ್ನಾಲ್ಕು ಮಾಡಿದ. ಶಿವರತ್ನಮ್ಮ ಹದಿನೇಳು. ಚೆನ್ನಯ್ಯ ಹದಿನಾಲ್ಕು.

"ಕಬ್ಬು ಕಡಿಯೋ ಕಾಲ್ದಲ್ಲಿ ಈ ಮೆಸಿನ್ ಕೊಟ್ಟಿದ್ರೆ ಮುರಿದಾಕ್ಬುಡ್ತಿದ್ದೆ ಕಣವ್ವ," ಎಂದ ಚೆನ್ನಯ್ಯ.

"ಅದ್ಕೇ ಆಗ ಕೊಟ್ಟಿಲ್ಲ," ಎಂದ ಮಾದೇಶ. ಸೋಮಮ್ಮ ನಕ್ಕು ನಕ್ಕು ಹದಿಮೂರಕ್ಕೇ ಕೈಬಿಟ್ಟಳು.

ಚೀಟಿ ಎತ್ತಿದರು. ಶಿವರತ್ನಮ್ಮನಿಗೂ ಮಾದೇಶನಿಗೂ ಉಂಡೆ ಬಂತು. ಚೆನ್ನಯ್ಯನಿಗೂ ಸೋಮಮ್ಮನಿಗೂ ಇಲ್ಲ. ಗೋಡೆಯ ಕಡೆಗಿದ್ದ ಇನ್ನಿಬ್ಬರಲ್ಲಿ ಒಬ್ಬರಿಗೆ ಬಂತು, ಒಬ್ಬರಿಗೆ ಇಲ್ಲ.

ಮುಂದಿನ ಗುರುವಾರ ಮೆಷಿನ್ನು ಗುಯ್‌ಗುಟ್ಟಲು ಶುರುವಾಗಿ ಒಂದು ಗಂಟೆಗೆ ಕುಸುಮ ಉಂಡೆ ಕೊಟ್ಟುಹೋದಳು. ಕಾಗದ ಬಿಚ್ಚಿದರೆ ಹುರಿಗಡಲೆಯ ವಾಸನೆ ಘಮ್ಮೆಂದಿತು. ಶಿವರತ್ನಮ್ಮ ಬಾಯಿಯ ಹತ್ತಿರಕ್ಕೆ ತಂದವಳು ಅಲ್ಲೇ ಕೈ ತಡೆದಳು. ಪಕ್ಕದಲ್ಲಿ ಚೆನ್ನಯ್ಯ ಮುಖವನ್ನು ಆ ಕಡೆಗೆ ತಿರುಗಿಸಿಕೊಂಡಿದ್ದ. ಕೋಪದಿಂದಲ್ಲ. ತಿನ್ನುವವರಿಗೆ ಮುಜುಗರವಾಗಬಾರದೆಂದು.

"ಯಾಕ್ ಆ ಕಡೀಕ್ ತಿರಿಕ್ಕಂಡೆ?" ಎಂದು ಗದರಿದಳು.

"ತಿನ್ನಿ ಅಮ್ಮೋರೆ. ನಂಗ್ ರೂಢಿ ಅದೆ," ಎಂದ ಅವನು. "ಊರಲ್ಲಿ ನೀವು ಬಡಿಸ್ವಾಗ ನಮ್ ಬೀದಿಯೋರು ಕೊನೇ ಪಂಕ್ತಿ ಎದ್ದ ಮ್ಯಾಕೆ ತಾನೆ ಕುಂತ್ಕತಿದ್ದದ್ದು? ಚಪ್ಪರದ ಆಚೆ ನಿಂತ್ಕಂಡು ವಾಸ್ನೆ ಕುಡಿತಾ ಇರ್ತಿದ್ವಿ."

ಅವನ ಮಾತಿನಲ್ಲಿ ಚುಚ್ಚು ಇರಲಿಲ್ಲ. ನಿನ್ನೆ ಮಳೆ ಬಂತು ಎಂದಷ್ಟು ಸಲೀಸಾಗಿ ಹೇಳಿದ್ದ. ಅದಕ್ಕೇ ಅವಳಿಗೆ ರೇಗಿತು. ಇಪ್ಪತ್ತು ವರ್ಷ ಸೌಟು ಹಿಡಿದವರನ್ನೆಲ್ಲ ಬೈದಿದ್ದಳು. ಚಪ್ಪರದ ಆಚೆ ಯಾರು ನಿಂತಿದ್ದಾರೆ ಎಂದು ಒಂದು ದಿನವೂ ತಿರುಗಿ ನೋಡಿರಲಿಲ್ಲ. ಬೈಯಲು ಈಗ ತನ್ನನ್ನು ಬಿಟ್ಟು ಬೇರೆ ಯಾರೂ ಸಿಗಲಿಲ್ಲ.

ಉಂಡೆ ಮುರಿಯೋಣವೆಂದರೆ ಎಡಗೈ ಮೆಷಿನ್ನಿನಲ್ಲಿದೆ. ಹಾಗೇ ಕಚ್ಚಿದರೆ ಎಂಜಲು. ಅವಳಿಗೆ ಸ್ಕೂಲಿನ ದಿನಗಳು ನೆನಪಾದವು. ಸೆರಗನ್ನು ಉಂಡೆಯ ಮೇಲೆ ಹೊದಿಸಿ, ಬಟ್ಟೆಯ ಮೇಲಿಂದಲೇ ಹಲ್ಲೂರಿ ಕಟಕ್ಕನೆ ಎರಡು ಮಾಡಿದಳು.

"ಕಾಗೆ ಎಂಜ್ಲು! ಈ ವಯಸ್ಸಲ್ಲಿ!" ಎಂದು ಮಾದೇಶ ಕೂಗಿದ.

"ಬಾಯ್ ಮುಚ್ಕಂಡು ನೀನೂ ಮಾಡ್ಲಾ. ಸೋಮಮ್ಮಂಗ್ ಕೊಡು. ಒಂದೇ ಸಾಲಲ್ಲಿ ಮನಗ್ಸಿ ಅರ್ದ ಜನಕ್ಕ್ ಬಡಿಸಿ ಅರ್ದ ಜನಕ್ಕ್ ತೋರ್ಸೋದು ಯಾವೂರ್ ನ್ಯಾಯ?"

ಬಲಗೈ ಚಾಚಿ ಅರ್ಧ ಉಂಡೆಯನ್ನು ಚೆನ್ನಯ್ಯನ ಕಡೆಗೆ ಹಿಡಿದಳು. ಅವನು ಎಡಗೈ ಚಾಚಿದ.

"ಎಡಗೈಲಿ ಈಸ್ಕತೀನಿ, ತಪ್ಪು ತಿಳ್ಕಬ್ಯಾಡಿ ಅಮ್ಮೋರೆ. ಬಲಗೈಯ ಮೆಸಿನ್‌ಗೆ ಕಟ್ಟಾಕವ್ರೆ."

ಅಲ್ಲಿಂದ ಎರಡು ತಿಂಗಳು ಆ ಸಾಲಿನಲ್ಲಿ ಇದೇ ನಡೆಯಿತು. ಗೋಡೆಯ ಕಡೆಯ ಇಬ್ಬರೂ ಕಲಿತರು. ಕುಸುಮ ಬೆನ್ನು ತಿರುಗಿಸುವುದನ್ನೇ ಕಾಯುವುದು, ಸೆರಗು ಟವೆಲ್ಲು ಮೇಲೇರುವುದು, ಕಟಕ್ ಕಟಕ್ ಎಂದು ಮೂರು ಸದ್ದು. ಹೊಸ ಮಾತುಗಳೂ ಹುಟ್ಟಿದವು. ಚೆನ್ನಯ್ಯ ತನ್ನ ಪಾಲು ಚಿಕ್ಕದಾಯಿತೆಂದು ತಕರಾರು ತೆಗೆಯುವಷ್ಟು ಸಲಿಗೆಯವನಾದ. ಪಾಲಿನ ವಿಷಯದಲ್ಲಿ ತನ್ನನ್ನು ಅನುಮಾನಿಸಿದ ಮೊದಲ ಮನುಷ್ಯ ಎಂದು ಶಿವರತ್ನಮ್ಮ ಬಸ್ಸಿನಲ್ಲಿ ಊರು ಬರುವವರೆಗೂ ಅವನೊಂದಿಗೆ ಜಗಳವಾಡಿದಳು.

ಎರಡು ತಿಂಗಳು ತುಂಬಿ, ಇಕ್ಕಳ ಮತ್ತೆ ಬಂತು, ಹೋಯಿತು. ಅದಾದ ವಾರಕ್ಕೆ ಮಧುಶ್ರೀ ಬಂದಾಗ ಅವಳ ಮುಖ ಬಾಡಿತ್ತು.

"ತಿಂದೋರಿಗೂ ಒಂದು ಕೆ.ಜಿ. ಏರಿದೆ, ತಿನ್ನದೇ ಇದ್ದೋರಿಗೂ ಒಂದು ಕೆ.ಜಿ. ಏರಿದೆ," ಎಂದಳು. "ಉಂಡೆಯಿಂದ ಏನೂ ವ್ಯತ್ಯಾಸ ಇಲ್ಲ ಅಂತ ಬರೆದು ಮುಗಿಸ್ತೀನಿ. ನೀವೆಲ್ಲ ಸಹಕಾರ ಕೊಟ್ರಿ, ನಮಸ್ಕಾರ."

ಮಾದೇಶ ಫ್ಯಾನು ನೋಡಿದ. ಸೋಮಮ್ಮ ಮೊದಲ ಸಲ ನಗಲಿಲ್ಲ. ಹಾಗೆ ಬರೆದರೆ ಉಂಡೆ ಯಾರಿಗೂ ಇಲ್ಲ ಎನ್ನುವುದು ಎಲ್ಲರಿಗೂ ನೆನಪಿತ್ತು. ಆ ಹುಡುಗಿ ಬಾಗಿಲವರೆಗೆ ಹೋದಳು.

"ನಿಂತ್ಕಳವ್ವ!" ಶಿವರತ್ನಮ್ಮನ ಗಂಟಲಿಗೆ ಕಾರಿಡಾರಿನಲ್ಲಿದ್ದವರೂ ನಿಂತರು. "ಸುಳ್ಳ್ ಬರೀಬ್ಯಾಡ. ತಿನ್ನದೆ ಇದ್ದೋರು ಇಲ್ಯಾರೂ ಇಲ್ಲ. ಎಲ್ಲಾರೂ ತಿಂದವ್ರೆ. ಮುರಿಯೋಕೆ ಕಲ್ಸುದೋಳು ನಾನು."

ಮಧುಶ್ರೀ ಮೊದಲು ನಂಬಲಿಲ್ಲ. ಮಾದೇಶ ಸೆರಗಿಲ್ಲದೆಯೇ ಅಭಿನಯ ಮಾಡಿ ತೋರಿಸಿದಮೇಲೆ ನಂಬಿದಳು. ಅವಳ ಕಣ್ಣು ತುಂಬಿ ಬಂತು, ಆಮೇಲೆ ಸಿಟ್ಟು ಬಂತು. "ಎರಡು ತಿಂಗಳು! ಬಸ್ಸಲ್ಲಿ ನಿಂತ್ಕೊಂಡು ಓಡಾಡಿದ್ದೀನಿ ನಾನು! ಒಬ್ಬರಾದ್ರೂ ಹೇಳಬಾರದಾ?" ಎಂದವಳು ಹೊರಗೆ ಹೋಗಿ ಹನೂರಿಗೂ ಯಳಂದೂರಿಗೂ ಫೋನು ಮಾಡಿದಳು. ತಿರುಗಿ ಬಂದಾಗ ಅವಳ ಮುಖ ನೋಡುವಂತಿತ್ತು. ಹನೂರಿನಲ್ಲಿ ಜೊತೆಗೆ ಬಂದವರನ್ನೂ ಸೇರಿಸಿ ಒಂದು ಉಂಡೆಯನ್ನು ಮೂರು ಮಾಡುತ್ತಿದ್ದರಂತೆ. ಯಳಂದೂರಿನಲ್ಲಿ ಎಲ್ಲ ಉಂಡೆಯನ್ನೂ ಪುಡಿ ಮಾಡಿ, ಚಮಚದಲ್ಲಿ ಅಳೆದು ಹಂಚುತ್ತಿದ್ದರಂತೆ.

"ಯಳಂದೂರೋರು ಬುದ್ದಿವಂತ್ರು," ಎಂದ ಚೆನ್ನಯ್ಯ. "ಪಾಲಲ್ಲಿ ಮೋಸ ಇಲ್ಲ." ಶಿವರತ್ನಮ್ಮ ಅವನತ್ತ ಕೆಂಡಗಣ್ಣು ಬಿಟ್ಟಳು.

ಮಧುಶ್ರೀ ಸ್ಟೂಲಿನ ಮೇಲೆ ಕುಸಿದಳು. "ಇನ್ನೇನು ಮಾಡಲಮ್ಮ?"

"ಸಾಲ್ ಬೇರೆ ಮಾಡು," ಎಂದಳು ಶಿವರತ್ನಮ್ಮ. "ಒಂದು ಸಾಲಲ್ಲಿ ಎಲ್ಲಾರ್ಗೂ ಬಡ್ಸು, ಇನ್ನೊಂದ್ ಸಾಲಲ್ಲಿ ಯಾರ್ಗೂ ಬಡಿಸ್ಬ್ಯಾಡ. ತಿನ್ನೋ ಬಾಯಿ ತಿನ್ದೆ ಇರೋ ಬಾಯ ನೋಡೋಕಾಗ್ಬಾರ್ದು. ಅಂಗ್ ಮಾಡುದ್ರೆ ನಮ್ ಜನ ಉಪವಾಸಾನಾದ್ರೂ ಇರ್ತಾರೆ, ತಪ್ಪು ಮಾಡಲ್ಲ."

ಮಧುಶ್ರೀ ಅವಳನ್ನೇ ನೋಡಿದಳು. "ಹಾಗೂ ಮಾಡ್ತಾರಮ್ಮ. ಓದಿದ್ದೆ. ಇಲ್ಲಿಗೆ ಅದೇ ಸರಿ ಅಂತ ಹೊಳೀಲಿಲ್ಲ."

ಕಾಲೇಜಿನ ಕಮಿಟಿಯಿಂದ ಹೊಸದಾಗಿ ಅನುಮತಿ ಬರುವ ಹೊತ್ತಿಗೆ ಎರಡು ತಿಂಗಳಾಯಿತು. ಮೂರು ಊರಿನಲ್ಲೂ ಬೆಳಗಿನದೊಂದು ಸಾಲು, ಮಧ್ಯಾಹ್ನದ್ದೊಂದು ಸಾಲು, ಒಟ್ಟು ಆರು. ಮೂರು ಸಾಲಿಗೆ ಉಂಡೆ, ಮೂರು ಸಾಲಿಗೆ ಇಲ್ಲ, ಮೂರು ತಿಂಗಳು. ಮತ್ತೆ ಇಕ್ಕಳದ ಅಳತೆ; ಏರಿದ್ದ ಒಂದು ಕೆ.ಜಿ. ಅಷ್ಟರಲ್ಲಿ ಇಳಿದುಹೋಗಿತ್ತು. ಮತ್ತೆ ಫಾರಮ್ಮಿಗೆ ಸಹಿ, ಹೆಬ್ಬೆಟ್ಟು. ಈ ಸಲ ಶಿವರತ್ನಮ್ಮ ಫಾರಮ್ಮಿನ ಪ್ರತಿಯೊಂದು ಸಾಲನ್ನೂ ಗಟ್ಟಿಯಾಗಿ ಓದಿಸಿದಳು. ಬೆಳಗಿನ ಸಾಲಿನ ಪರವಾಗಿ ಚೀಟಿ ಎತ್ತುವುದು ಯಾರು ಎಂದಾಗ ಎಲ್ಲರೂ ಅವಳ ಕಡೆಗೇ ಕೈ ತೋರಿಸಿದರು.

ಎತ್ತಿದಳು. ಬಿಡಿಸಿದಳು. ಖಾಲಿ.

"ಆಹಾ!" ಎಂದ ಚೆನ್ನಯ್ಯ. "ಮೂರ್ ತಿಂಗ್ಳು ಇನ್ನ ವಾಸ್ನೇನೂ ಇಲ್ಲ."

ಮಾದೇಶ ಎರಡು ವಾರ ಅವಳ ಜೊತೆ ಮಾತು ಬಿಟ್ಟ. ಅದಕ್ಕಿಂತ ಕಷ್ಟವಾದದ್ದು ಮಧ್ಯಾಹ್ನದ ಸಾಲಿನವರದು. ಅವರಿಗೆ ಉಂಡೆ ಬಂದಿತ್ತು. ಅವರಲ್ಲಿದ್ದ ಚನ್ನಾಜಮ್ಮ ಎಂಬುವಳು ಒಂದು ಸೋಮವಾರ ಬೆಳಗಿನ ಸಾಲು ಹೊರಡುವ ಹೊತ್ತಿಗೆ ಹಿಂದಿನ ಸಲದ ಅರ್ಧ ಉಂಡೆಯನ್ನು ಎಲೆಅಡಿಕೆ ಚೀಲದಲ್ಲಿಟ್ಟು ತಂದು, ಬಾಗಿಲಲ್ಲಿ ಶಿವರತ್ನಮ್ಮನ ಕೈಗೆ ತುರುಕಿದಳು. "ನಾವು ತಿಂದು ನೀವು ನೋಡೋದಾ? ಮನಸ್ ಒಪ್ಪಲ್ಲ ಕಣಕ್ಕ."

"ಓಗೇ!" ಎಂದು ಅವಳು ಅಬ್ಬರಿಸಿದಳು. "ನಿನ್ ಮನಸ್ ಒಪ್ಪಿಸಾಕೋದ್ರೆ ಆ ಉಡ್ಗಿ ಮತ್ತೆ ಅಳ್ತದೆ. ಪೂರ್ತಿ ತಿನ್ನು. ಇಲ್ಲೇ, ನನ್ ಮುಂದೇನೇ ತಿನ್ನು!" ಚನ್ನಾಜಮ್ಮ ನಿಂತಲ್ಲೇ ಅಗಿದು ನುಂಗುವವರೆಗೂ ಕಾವಲು ನಿಂತಳು. ನುಂಗಿದಮೇಲೆ ಕುಸುಮಳನ್ನು ಕರೆದು, ಹಳೆಯ ಅರ್ಧ ಉಂಡೆ ಇವತ್ತು ತಿಂದದ್ದು ಎಂದು ಬರೆಸಿದಳು. ತನ್ನ ಬಾಯಲ್ಲಿ ನೀರೂರಿದ್ದನ್ನು ಬರೆಸಲಿಲ್ಲ.

ಮೂರು ತಿಂಗಳು ಮುಗಿದು ಇಕ್ಕಳ ಬಂದ ದಿನ ಮಾದೇಶ ಪಿಸುಗುಟ್ಟಿದ, "ಅಕ್ಕೋ, ನಾವು ಮೆತ್ತಗೆ ಹಿಸುಕ್ಬುಡುವ. ನಮ್ದು ಕಮ್ಮಿ ಬಂದ್ರೆ ತಾನೆ ಉಂಡೆ ಗೆಲ್ಲಾದು?"

"ಲೇ, ಕಳ್ಳಾಟ ಆಡಿ ಗೆದ್ದದ್ದ ತಿಂದ್ರೆ ಅರಗ್ತದೇನ್ಲಾ? ಇರೋ ಬಲ ಪೂರ್ತಿ ಆಕು. ನಾನ್ ನೋಡ್ತಿರ್ತೀನಿ."

ಮಾದೇಶ ನರ ಉಬ್ಬಿಸಿಕೊಂಡು ಅದುಮಿದ. ಅದೇ ಇಪ್ಪತ್ನಾಲ್ಕು. ಸೋಮಮ್ಮ ಹದಿಮೂರು. ಚೆನ್ನಯ್ಯ ಹದಿನಾಲ್ಕು. ಅವನಿಗೆ ಒಂದು ಕೆ.ಜಿ. ಕೂಡ ಏರಿಲ್ಲದ್ದು ನೋಡಿ ಶಿವರತ್ನಮ್ಮನಿಗೆ ಎಲ್ಲಿತ್ತೋ ಕೋಪ, ಇಕ್ಕಳ ಕಿತ್ತುಕೊಂಡು ಅದುಮಿದಳು. ಇಪ್ಪತ್ತು!

ವಾರ್ಡೆಲ್ಲ ಹೋ ಎಂದಿತು. ಅವಳು ಬೆವತುಹೋದಳು. "ಅಯ್ಯೋ, ನಾನೇ ಕೆಡಿಸ್ಬುಟ್ನಾ?"

"ಕ್ವಾಪಕ್ಕೂ ಒಂದ್ ಸಾಲು ಮಾಡ್ಬೇಕಿತ್ತು ಡಾಕ್ಟ್ರವ್ವ," ಎಂದ ಚೆನ್ನಯ್ಯ.

ಮಧುಶ್ರೀ ನಗುತ್ತ ಬರೆದುಕೊಂಡಳು. "ಬಂದದ್ದು ಬಂದಹಾಗೇ ಬರೀತೀನಮ್ಮ. ಒಬ್ಬರಿಂದ ಕೆಡಲ್ಲ. ಇಡೀ ಸಾಲು ನೋಡ್ತೀವಿ."

ಎರಡು ವಾರಕ್ಕೆ ಸುದ್ದಿ ಬಂತು. ಉಂಡೆ ತಿಂದ ಮೂರು ಸಾಲಿನವರ ಕೈಬಲ ಸರಾಸರಿ ಎರಡು ಕೆ.ಜಿ. ಏರಿತ್ತು. ತಿನ್ನದ ಸಾಲುಗಳು ಹೆಚ್ಚುಕಡಿಮೆ ಇದ್ದಲ್ಲೇ ಇದ್ದವು. ಇನ್ನೂ ದೊಡ್ಡದಾಗಿ ನೋಡಬೇಕು ಎಂದು ಮಧುಶ್ರೀ ಎಚ್ಚರಿಸಿದಳು. ಆದರೆ ಮೂರು ಊರಿನಲ್ಲೂ ಎಲ್ಲ ಸಾಲಿಗೂ ಉಂಡೆ ಕೊಡಲು ಕಾಲೇಜು ಒಪ್ಪಿತ್ತು.

"ಸೋತ್ವಿ ಕಣ್ರೋ!" ಎಂದು ಮಾದೇಶ ಮಂಚದ ಮೇಲೆ ಎದ್ದು ನಿಲ್ಲಲು ಹೋಗಿ ಕುಸುಮಳಿಂದ ಬೈಸಿಕೊಂಡ.

ಒಂದು ಗಂಟೆ ಕಾಯುವ ನಿಯಮವನ್ನು ಅವತ್ತೊಂದು ದಿನ ಸಡಿಲಿಸಿದ್ದರು. ಸೂಜಿ ಚುಚ್ಚುವ ಮೊದಲೇ ಶಿವರತ್ನಮ್ಮ ಮಂಚದಿಂದಿಳಿದಳು. ಎರಡು ಕೈಯೂ ಖಾಲಿ ಇದ್ದವು. ಸೆರಗು ಸಿಕ್ಕಿಸಿಕೊಂಡು ಕುಸುಮಳ ಕೈಯಿಂದ ಡಬ್ಬಿ ಈಸಿಕೊಂಡಳು. ಆರು ಮಂಚವನ್ನೂ ಒಮ್ಮೆ ನೋಡಿದಳು. ಮೊದಲನೆಯ ಮಂಚದಿಂದ ಶುರುಮಾಡುವುದು ಬಡಿಸುವವರ ರೂಢಿ. ಅದನ್ನು ಬಿಟ್ಟು ನೇರ ನಾಲ್ಕನೆಯ ಮಂಚಕ್ಕೆ ನಡೆದಳು.

ಚೆನ್ನಯ್ಯ ಬಲಗೈ ಚಾಚಿದ. ಅದೂ ಅವತ್ತು ಖಾಲಿ ಇತ್ತು. ಉಂಡೆ ಈಸಿಕೊಂಡು, ಸುತ್ತ ತಿರುಗಿಸಿ ನೋಡಿದ.

"ಪೂರ್ತಿ ಒಂದಾ?"

"ಪೂರ್ತಿ ಒಂದು. ಯಾಕೆ?"

"ಏನಿಲ್ಲ ಶಿವರತ್ನಮ್ಮ. ಆ ಅರ್ದವೇ ದಪ್ಪಗಿತ್ತೇನೋ ಅಂತ."

"ತಿನ್ನು ಸುಮ್ಕೆ!" ಎಂದು ಗದರಿಸಿ ಅವಳು ಮುಂದಿನ ಮಂಚಕ್ಕೆ ಹೋದಳು. ಗೇಟಿನಲ್ಲಿ ಎಳನೀರಿನವನು ಆ ಸದ್ದು ಕೇಳಿ, ತನ್ನನ್ನೇ ಅಂದುಕೊಂಡು, ಗಾಡಿಯನ್ನು ಒಂದು ಗೇಣು ಸರಿಸಿದ.