ಮನೆಯಳಿಯ ಬಳ್ಳಿಯ ಬೇರು

ನಮ್ಮ ಊರಿನ ಬಯಲನ್ನು ನುಂಗುತ್ತಿದ್ದ ಬಳ್ಳಿಗೆ ಪುಸ್ತಕದಲ್ಲಿ ಯಾವುದೋ ಉದ್ದನೆಯ ಹೆಸರಿದೆ. ಊರಿನವರು ಕರೆಯುವುದು ಮನೆಯಳಿಯ ಬಳ್ಳಿ ಎಂದು. ನಾಲ್ಕು ದಿನದ ಮಟ್ಟಿಗೆ ಎಂದು ಬಂದು, ಮೂಲೆ ಹಿಡಿದು, ಇದ್ದಬದ್ದದ್ದನ್ನೆಲ್ಲ ತಿಂದು, ಹೋಗು ಎಂದರೂ ಹೋಗದ ಗಿರಾಕಿಗೆ ಬೇರೆ ಹೆಸರು ಹೊಂದುವುದಿಲ್ಲ. ನೇರಳೆ ಬಣ್ಣದ ಹೂವು ಬಿಡುತ್ತದೆ, ನೋಡಲು ಚೆಂದ. ಆ ಚೆಂದಕ್ಕೆ ಮರುಳಾಗಿ ಬಿಟ್ಟುಕೊಂಡರೆ ಎರಡು ವರ್ಷದಲ್ಲಿ ಕೆಳಗೆ ಹುಲ್ಲೂ ಇಲ್ಲ, ಹುಲ್ಲಿನಲ್ಲಿ ಗೂಡು ಕಟ್ಟುವ ಹಕ್ಕಿಯೂ ಇಲ್ಲ. ಮರಗಳು ಕಂಬಳಿ ಹೊದ್ದ ರೋಗಿಗಳ ಹಾಗೆ ಕಾಣುತ್ತವೆ.

ನಾನು ದರ್ಜಿ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಬಟ್ಟೆ ಹೊಲಿಯುವವಳಿಗೂ ಬಯಲಿಗೂ ಏನು ಸಂಬಂಧ ಎಂದರೆ, ಆ ಇಪ್ಪತ್ತೆರಡು ಎಕರೆಯನ್ನು ಗೋದಾಮಿಗೆ ಕೊಡುವ ಮಾತು ಪುರಸಭೆಯಲ್ಲಿ ಬಂದಾಗ ಎದ್ದು ನಿಂತು ಕೂಗಾಡಿದವಳು ನಾನೊಬ್ಬಳೇ. ಕೂಗಾಡಿದವರ ತಲೆಗೇ ಕೆಲಸ ಕಟ್ಟುವುದು ಎಲ್ಲ ಕಚೇರಿಗಳ ಪದ್ಧತಿ. "ಬಳ್ಳಿ ಬಿಟ್ರೆ ಅಲ್ಲೇನಿದೆ? ಮೂರು ವರ್ಷ ಕೊಡ್ತೀವಿ, ಕಿತ್ತು ತೋರ್ಸಿ. ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಉಳಿದಿದ್ರೆ ಜಾಗ ಗೋದಾಮಿಗೆ," ಎಂದರು ಅಧ್ಯಕ್ಷರು. ಹೀಗೆ ನಾನು ಬಯಲು ಉಳಿಸುವ ಬಳಗದ ಮುಖ್ಯಸ್ಥೆಯಾದೆ.

ಪ್ರತಿ ಭಾನುವಾರ ಬೆಳಿಗ್ಗೆ ಮೂವತ್ತು ನಲವತ್ತು ಜನ ಸೇರುತ್ತಿದ್ದೆವು. ಬಳ್ಳಿಯನ್ನು ಕತ್ತರಿಸಿ, ಚಾಪೆಯಂತೆ ಸುತ್ತಿ, ಟಾರ್ಪಾಲಿನ ಮೇಲೆ ಹಾಕಿ ಹೊರಕ್ಕೆ ಎಳೆಯಬೇಕು. ಬೆರಳುದ್ದದ ಗೆಣ್ಣು ಬಿದ್ದರೂ ಅದು ಅಲ್ಲೇ ಬೇರು ಬಿಡುತ್ತದೆ. ಕೆಲಸಕ್ಕೆ ಮೊದಲು ನನ್ನದೊಂದು ಭಾಷಣ ಇದ್ದೇ ಇರುತ್ತಿತ್ತು. "ಈ ಬಳ್ಳೀನ ಊರಿಗೆ ತಂದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಕೈಗೆ ಸಿಕ್ಕಿದ್ರೆ ಇದರಲ್ಲೇ ಕಟ್ಟಿ ಹಾಕ್ತೀನಿ," ಎನ್ನುತ್ತಿದ್ದೆ. ಜನ ನಗುತ್ತಿದ್ದರು. ನಕ್ಕರೆ ನಾನು ಉಬ್ಬಿಹೋಗುತ್ತಿದ್ದೆ. ಅದೇ ಮಾತಿಗೆ ಇನ್ನಷ್ಟು ಖಾರ ಅರೆದು ಮನೆಯಲ್ಲಿ ಊಟಕ್ಕೆ ಕೂತಾಗಲೂ ಹೇಳುತ್ತಿದ್ದೆ. ಗಂಡ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಅತ್ತೆ ಬೇಗ ಕೈ ತೊಳೆದು ಏಳುತ್ತಿದ್ದರು.

ಅತ್ತೆ ನೀರು ಸರಬರಾಜಿನ ಕಚೇರಿಯಲ್ಲಿ ಮೂವತ್ತು ವರ್ಷ ಪಂಪು ನಡೆಸಿದವರು. ಬಯಲಿನ ಮೂಲೆಯಲ್ಲಿ ಈಗ ಪಾಳು ಬಿದ್ದಿರುವ ಪಂಪ್‌ಹೌಸೇ ಅವರ ರಾಜ್ಯ. ನಿವೃತ್ತಿಯಾದ ಮೇಲೆ ನನ್ನ ಅಂಗಡಿಯಲ್ಲಿ ಗುಂಡಿ ಹಾಕುವುದು, ಕಾಜಾ ಮಾಡುವುದು ಅವರ ಕೆಲಸ. ಊರಿಗೆ ಊರೇ ಬಯಲಿಗೆ ಬಂದರೂ ಅವರು ಮಾತ್ರ ಒಂದು ದಿನವೂ ಬರಲಿಲ್ಲ. ಕೇಳಿದರೆ ಮಂಡಿನೋವು. ಅದೇ ಮಂಡಿ ವಾರಕ್ಕೆರಡು ಸಲ ಮಾರುಕಟ್ಟೆ ಸುತ್ತಿ ಬರುವುದನ್ನು ನಾನು ಕಂಡಿದ್ದೆ. ಸೊಸೆಯ ಕೆಲಸ ಎಂದರೆ ಅತ್ತೆಗೆ ಅಷ್ಟಕ್ಕಷ್ಟೇ ಎಂದು ಮನಸ್ಸಿನಲ್ಲೇ ಹಲ್ಲು ಕಡಿದಿದ್ದೆ.

ಪುರಸಭೆಯವರು ಪರಿಶೀಲನೆಗೆ ಬರಲು ಇಪ್ಪತ್ತು ದಿನ ಉಳಿದಿತ್ತು. ಬಯಲಿನ ಬಹುಪಾಲು ಬಿಡುಗಡೆಯಾಗಿ ಹುಲ್ಲು ಮರಳಿತ್ತು. ಆದರೆ ಒಂದು ಕಡೆ ಮಾತ್ರ, ಭಾನುವಾರ ಕಿತ್ತರೆ ಬುಧವಾರಕ್ಕೆ ಮತ್ತೆ ಚಿಗುರು. ಆ ಭಾನುವಾರ ನಮ್ಮ ಬಳಗದ ಗಾರೆಯವನು ಎರಡಡಿ ಅಗೆದರೂ ಬೇರಿನ ಕೊನೆ ಕಾಣಲಿಲ್ಲ. ಹೀಗೇ ಬಿಟ್ಟರೆ ಪರಿಶೀಲನೆಯ ಹೊತ್ತಿಗೆ ಕಾಲುಭಾಗ ಬಯಲು ಮತ್ತೆ ಬಳ್ಳಿಯದಾಗುತ್ತಿತ್ತು. ಮೂರು ವರ್ಷದ ಬೆವರು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಮರುದಿನ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತ ಅತ್ತೆಯ ಮುಂದೆ ಗೋಳು ತೋಡಿಕೊಂಡೆ. "ವಿಚಿತ್ರ ಏನು ಗೊತ್ತಾ ಅತ್ತೆ, ಚಿಗುರು ಎಲ್ಲೆಂದರಲ್ಲಿ ಬರ್ತಿಲ್ಲ. ಕೆರೆ ಕಡೆಯಿಂದ ಪಂಪ್‌ಹೌಸ್ ಕಡೆಗೆ ಗೆರೆ ಎಳೆದ ಹಾಗಿದೆ. ನಾವು ಹೊಲಿಗೆ ಹಾಕ್ತೀವಲ್ಲ, ಹಾಗೆ, ಇಷ್ಟಿಷ್ಟು ದೂರಕ್ಕೆ ಒಂದೊಂದು."

ಅತ್ತೆ ಕೈಯಲ್ಲಿದ್ದ ಅಂಗಿಯನ್ನು ಮಡಚಿ ನನ್ನ ಕಡೆ ಸರಿಸಿದರು. ನೋಡಿದರೆ, ಕುತ್ತಿಗೆಯಿಂದ ಅಂಚಿನವರೆಗೂ ಎಲ್ಲ ಗುಂಡಿಗಳನ್ನೂ ಎರಡೂ ಪಟ್ಟಿ ಸೇರಿಸಿ ಹೊಲಿದುಬಿಟ್ಟಿದ್ದರು. ತೊಡಬೇಕಾದವರು ಗೋಣಿಚೀಲಕ್ಕೆ ತೂರುವ ಹಾಗೆ ಕೆಳಗಿನಿಂದ ತೂರಬೇಕಿತ್ತು. ಹತ್ತು ವರ್ಷದಲ್ಲಿ ಆ ಕೈ ಒಂದು ಗುಂಡಿಯನ್ನೂ ತಪ್ಪು ಹಾಕಿದ್ದಿಲ್ಲ.

"ಇದೇನತ್ತೆ ಇದು?"

"ಅದು ಹಳೇ ಪೈಪಿನ ದಾರಿ," ಎಂದರು ಅವರು, ನನ್ನ ಮುಖ ನೋಡದೆ. "ಪೈಪಿನ ಪಕ್ಕದ ಮಣ್ಣು ಸಡಿಲ. ಬೇರಿಗೆ ಅದೇ ರಸ್ತೆ. ಪಂಪ್‌ಹೌಸ್ ಹಿಂದೆ ವಾಲ್ವಿನ ಗುಂಡಿ ಇದೆಯಲ್ಲ, ಅದರ ಚಪ್ಪಡಿ ಕೆಳಗೆ ಬುಡ ಇರುತ್ತೆ. ನಾನೇ ನೆಟ್ಟಿದ್ದು ಕಣೆ."

ಉಳಿದದ್ದು ಎಳೆಎಳೆಯಾಗಿ ಹೊರಬಂತು. ಯಾವುದೋ ಹೂವಿನ ಪ್ರದರ್ಶನದಲ್ಲಿ ಕೊಂಡ ಒಂದು ಕುಂಡದ ಗಿಡ. ಪಂಪ್‌ಹೌಸಿನ ಬೋಳು ಗೋಡೆ ಮುಚ್ಚಲಿ ಎಂದು ನೆಟ್ಟರು. ಗೋಡೆ ತುಂಬ ಹೂವಾಯಿತು. ಆ ವರ್ಷ ಅತ್ಯಂತ ಸುಂದರ ಕಚೇರಿ ಎಂದು ಮೊದಲ ಬಹುಮಾನ ಕೊಟ್ಟದ್ದು ಇದೇ ಪುರಸಭೆ. ಕೇಳಿದವರಿಗೆಲ್ಲ ಕಡ್ಡಿ ಮುರಿದು ಕೊಟ್ಟರು. ಮುಂದೆ ಬಳ್ಳಿ ಹೆಂಚು ಎತ್ತತೊಡಗಿದಾಗ ಹೆದರಿ, ಬುಡದವರೆಗೂ ಕಡಿಸಿ, ಮೇಲೆ ಚಪ್ಪಡಿ ಎಳೆಸಿ ನಿವೃತ್ತರಾದರು.

"ಸತ್ತಿರುತ್ತೆ ಅಂದ್ಕೊಂಡೆ. ನೀನು ಬೈಯೋವಾಗೆಲ್ಲ ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಮೂರು ವರ್ಷ ಆಗೋಯ್ತು. ಮೊದಲನೇ ದಿನ ಹೇಳಿದ್ರೆ ಒಂದು ಮಾತು. ಆಮೇಲೆ ಯಾವ ಬಾಯಲ್ಲಿ ಹೇಳ್ಲಿ? ಬಯಲು ಕೈತಪ್ಪಿದ್ರೆ ನೀನು ನನ್ನ ಮುಖ ನೋಡ್ತೀಯಾ?"

ಪಿತ್ತ ನೆತ್ತಿಗೇರಿತು. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ ಕಥೆ ನನ್ನದಾಗಿತ್ತು. ಬಾಯಿ ತೆರೆದರೆ ಅನಾಹುತವಾಗುತ್ತದೆ ಎಂದು ಹೋಗಿ ಯಂತ್ರದ ಮುಂದೆ ಕೂತು ತುಳಿಯತೊಡಗಿದೆ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಸೂಜಿಗೆ ದಾರವೇ ಇರಲಿಲ್ಲ. ಕೋಪ ಇಳಿದ ಮೇಲೆ ನಾಚಿಕೆಯಾಯಿತು. ಇಷ್ಟು ಭಾನುವಾರ ಆ ಹಿರಿಯ ಜೀವವನ್ನು ಅನ್ನದ ಮುಂದೆ ಕೂರಿಸಿಕೊಂಡು ಬೈದಿದ್ದೆ. ಅವರ ಬಾಯಿ ಕಟ್ಟಿದ್ದು ನನ್ನ ನಾಲಿಗೆಯೇ. ನಾಚಿಕೆಯ ಜೊತೆಗೆ, ಸುಳ್ಳೇಕೆ ಹೇಳಲಿ, ಎದೆ ಹಗುರವೂ ಆಗಿತ್ತು. ಬೇರಿನ ವಿಳಾಸ ಕಡೆಗೂ ಸಿಕ್ಕಿತ್ತಲ್ಲ.

"ಚಪ್ಪಡಿ ಎಷ್ಟು ದಪ್ಪ ಇದೆ ಅತ್ತೆ?" ಎಂದೆ.

ಅತ್ತೆ ನನ್ನನ್ನೇ ನೋಡಿದರು. ಮೂಗು ಒರೆಸಿಕೊಂಡರು. "ಗೇಣು ದಪ್ಪ. ಎತ್ತೋಕೆ ನಾಲ್ಕು ಜನ ಬೇಕು."

ಮರುದಿನ ಬೆಳಿಗ್ಗೆ ಮಂಡಿಯ ಸುದ್ದಿಯೇ ಎತ್ತದೆ ನನಗಿಂತ ಮುಂದೆ ನಡೆದರು. ನಾನು ಹೇಳಿಕಳಿಸಿ ಕರೆಸಿದ್ದ ಬಳಗದವರಿಗೆ ತಾವೇ ಎಲ್ಲ ಹೇಳಿದರು, ಒಂದೇ ಉಸಿರಿಗೆ. ಗಾರೆಯವನು ತಲೆ ಕೆರೆದುಕೊಂಡ. "ಅಮ್ಮಾ, ನಮ್ಮಪ್ಪನೂ ನಿಮ್ಮ ಹತ್ರ ಒಂದು ಕಡ್ಡಿ ಇಸ್ಕೊಂಡು ಬಂದಿದ್ರು. ನಮ್ಮ ಹಿತ್ತಲಿಂದ ಅದನ್ನ ಓಡ್ಸೋಕೆ ನನಗೆ ಆರು ವರ್ಷ ಬೇಕಾಯ್ತು. ನಾಚಿಕೆಗೆ ನಾನೂ ಬಾಯಿ ಬಿಟ್ಟಿರ್ಲಿಲ್ಲ," ಎಂದ. ಇನ್ನಿಬ್ಬರೂ ತಮ್ಮ ತಮ್ಮ ಮನೆಯ ಕಡ್ಡಿಯ ಕಥೆ ಹೇಳಿದರು. ಅತ್ತೆ ಮೊದಲು ಅತ್ತರು, ಆಮೇಲೆ ನಕ್ಕರು.

ಹಾರೆ ಹಾಕಿ ಚಪ್ಪಡಿ ಎತ್ತಿದಾಗ ಕೆಳಗೆ ಬುಡ ಕೂತಿತ್ತು, ಸ್ನಾನದ ಹಂಡೆಯಷ್ಟು. ಅದರಿಂದ ತೋಳಿನ ದಪ್ಪದ ಬೇರುಗಳು ಪೈಪಿನ ಜೊತೆಗೇ ಹೊರಟಿದ್ದವು. ಅತ್ತೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, "ಅಲ್ಲಿಂದ ಆರು ಹೆಜ್ಜೆ ಹೋಗಿ ಎಡಕ್ಕೆ ತಿರುಗುತ್ತೆ, ಅಗಿ," ಎನ್ನುತ್ತಿದ್ದರು. ಅಗೆದರೆ ಬೇರು ಅಲ್ಲೇ ಇರುತ್ತಿತ್ತು. ಐದು ದಿನ ಹಿಡಿಯಿತು. ಆ ಐದೂ ದಿನ ನಾನು ಅಂಗಡಿ ತೆರೆಯಲಿಲ್ಲ. ಆಮೇಲಿನ ಎರಡು ವಾರ ದಿನಾ ಬೆಳಿಗ್ಗೆ ಆ ಗೆರೆಯುದ್ದಕ್ಕೂ ನಡೆದೆ. ಹೊಸ ಚಿಗುರು ಬರಲಿಲ್ಲ.

ಪರಿಶೀಲನೆಯ ದಿನ ಬಂದ ಅಧಿಕಾರಿಣಿ ಒಂದು ಚೌಕಟ್ಟನ್ನು ಬಯಲಿನ ಐವತ್ತು ಕಡೆ ನೆಲದ ಮೇಲಿಟ್ಟು, ಒಳಗೆ ಏನು ಬೆಳೆದಿದೆ ಎಂದು ಬಗ್ಗಿ ನೋಡಿದರು. ನಾನು ಹಿಂದೆ ಹಿಂದೆ, ಉಗುರು ಕಚ್ಚುತ್ತ. ಐವತ್ತರಲ್ಲಿ ಮೂರು ಕಡೆ ಮಾತ್ರ ಬಳ್ಳಿ ಸಿಕ್ಕಿತು, ಅದೂ ಎಳೆಯದು. "ಜಾಗ ಗೋದಾಮಿಗೆ ಹೋಗಲ್ಲ. ಬಯಲಾಗಿಯೇ ಇರುತ್ತೆ," ಎಂದರು ಅವರು. ನಾನು ಹುಲ್ಲಿನ ಮೇಲೆ ಕೂತುಬಿಟ್ಟೆ. ಗಂಡ ನೀರು ತಂದು ಕೊಟ್ಟು, ಪಕ್ಕದಲ್ಲೇ ಕೂತರು.

ಅಧಿಕಾರಿಣಿ ಒಂದು ನಮೂನೆ ಕೊಟ್ಟರು. ಅದರಲ್ಲಿ ಒಂದು ಪ್ರಶ್ನೆ: ಬಳ್ಳಿ ಎಲ್ಲಿಂದ ಬಂತು, ಗೊತ್ತಿದ್ದರೆ ಬರೆಯಿರಿ. ಗೊತ್ತಿಲ್ಲ ಎಂದು ಬರೆಯಲು ಹೊರಟೆ. ಅತ್ತೆ ನನ್ನ ಕೈ ಹಿಡಿದರು.

"ಸುಳ್ಳು ಬರೀಬೇಡ. ನನ್ನ ಹೆಸರು ಹಾಕು. ಇನ್ನಾದ್ರೂ ನೆಮ್ಮದಿಯಾಗಿ ನಿದ್ದೆ ಮಾಡ್ತೀನಿ."

ನಾನು ಸ್ವಲ್ಪ ಯೋಚಿಸಿ ಎರಡೇ ಪದ ಬರೆದೆ: ನಮ್ಮ ಮನೆಯಿಂದ.

ಅತ್ತೆ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿದರು. ಆಮೇಲೆ ಕೆಳಗೆ ಸಹಿಯ ಜಾಗದ ಮೇಲೆ ಬೆರಳಿಟ್ಟು, "ಇಲ್ಲಿ ಇಬ್ರೂ ಹಾಕೋಣ," ಎಂದರು.