ಎರಡು ಬಲತೋಳು

ಕೋಟಿಗೆ ಒಂದು ಬಲತೋಳು, ಒಂದು ಎಡತೋಳು ಇರಬೇಕೆಂದು ಯಾವ ಟೈಲರಿಗೂ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಮೂವತ್ತು ವರ್ಷ ಕೋಟು ಕತ್ತರಿಸಿದ ಮಾಸ್ಟರು ಅವತ್ತು ಎರಡೂ ಬಲತೋಳನ್ನೇ ಕತ್ತರಿಸಿಟ್ಟಿದ್ದರು. ಹೊಲಿಗೆ ಮಿಷನ್ನಿನ ಮುಂದಿದ್ದ ಹೆಂಡತಿ ಅವನ್ನು ಒಂದರ ಮೇಲೊಂದಿಟ್ಟು ನೋಡಿದಳು, ತಿರುಗಿಸಿ ನೋಡಿದಳು, ಆಮೇಲೆ ಮಡಿಲಲ್ಲಿ ಹಾಕಿಕೊಂಡು ಮಿಷನ್ನು ನಿಲ್ಲಿಸಿದಳು.

"ಏನಾಯ್ತೇ?"

"ಎರಡೂ ಬಲಗಡೇದೇ ರೀ."

ಮಾಸ್ಟರು ತೋಳುಗಳನ್ನು ಅವಳ ಮಡಿಲಿಂದ ಎತ್ತಿಕೊಂಡು ತಾವೂ ಒಂದರ ಮೇಲೊಂದಿಟ್ಟು ನೋಡಿದರು.

ಮೊದಲೆಲ್ಲ ಬಟ್ಟೆಯನ್ನು ಎರಡು ಪದರ ಮಡಿಸಿ ಒಂದೇ ಸಲಕ್ಕೆ ಎರಡೂ ತೋಳು ಕತ್ತರಿಸುತ್ತಿದ್ದರು. ಎಡ ಬಲ ತಾವಾಗಿಯೇ ಬರುತ್ತಿದ್ದವು. ಹೋದ ವರ್ಷ ಸ್ಟ್ರೋಕ್ ಆಗಿ ಬಲಗೈ ಸೋತ ಮೇಲೆ ಎರಡು ಪದರಕ್ಕೆ ಕತ್ತರಿ ನುಗ್ಗುತ್ತಿರಲಿಲ್ಲ. ಒಂದೊಂದೇ ಪದರ ಕತ್ತರಿಸಬೇಕು, ಎರಡನೆಯದಕ್ಕೆ ಕಾಗದದ ಅಚ್ಚನ್ನು ಮಗುಚಿ ಇಡಬೇಕು. ಆ ಮಗುಚುವುದೇ ಮರೆತುಹೋಗಿತ್ತು.

ಹನ್ನೊಂದು ತಿಂಗಳಿಂದ ಅವರು ದಿನಾ ಬೆಳಿಗ್ಗೆ ಹಳೇ ಪೇಪರಿನ ಮೇಲೆ ಒಂದು ಗೆರೆ ಎಳೆದು ಅದರಗುಂಟ ಕತ್ತರಿಸುತ್ತಿದ್ದರು. ಮೊದಲು ಗೇಣುದ್ದ, ಆಮೇಲೆ ಮೊಳದುದ್ದ, ಆಮೇಲೆ ಲೈನಿಂಗ್ ಬಟ್ಟೆ. ವರ್ಷದೊಳಗೆ ಕೋಟು ಕತ್ತರಿಸದಿದ್ದರೆ ತನ್ನನ್ನು ಮಾಸ್ಟರ್ ಅನ್ನಬೇಡಿ ಎಂದು ಬೀದಿಗೆಲ್ಲ ಸಾರಿದ್ದರು. ಬಾಯಿಗೇನು, ಅದಕ್ಕೆ ಸ್ಟ್ರೋಕ್ ಆಗಿರಲಿಲ್ಲವಲ್ಲ! ಅಷ್ಟೂ ದಿನ ಶರ್ಟು, ಪ್ಯಾಂಟು ಎಂದು ಕತ್ತರಿಸಿ ಹೊಲಿದು ಅಂಗಡಿ ನಡೆಸಿದವಳು ಹೆಂಡತಿ. ಹಾಗಂತ ಅವಳು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ.

ಕೋಟಿನ ಬಟ್ಟೆ ಕೊಟ್ಟಿದ್ದ ವಾಚ್ ರಿಪೇರಿಯವರು ಅಳತೆಗೆ ಸರಿಯಾಗಿ ತಂದಿದ್ದರು. ಮೈಭಾಗಕ್ಕೆ ಬೇಕಾದಷ್ಟು ಬಿಟ್ಟರೆ ಇನ್ನೊಂದು ತೋಳಿಗೆ ಚೂರೂ ಉಳಿಯುತ್ತಿರಲಿಲ್ಲ. ಬಟ್ಟೆಗೆ ಒಳಮೈ ಬೇರೆ, ಹೊರಮೈ ಬೇರೆ; ಒಂದನ್ನು ತಿರುಗಿಸಿ ಹೊಲಿಯುವಂತೆಯೂ ಇರಲಿಲ್ಲ. ಸಂಜೆ ಅವರು ಬಂದಾಗ ಮಾಸ್ಟರು ಎದ್ದು ನಿಂತು, "ನಾನೇ ಕೆಡಿಸಿದೆ" ಎಂದರು.

ವಾಚಿನವರು ತೋಳುಗಳನ್ನು ನೋಡಿ ಜೋರಾಗಿ ನಕ್ಕುಬಿಟ್ಟರು. "ಹೋಗ್ಲಿ ಬಿಡಿ ಮಾಸ್ಟ್ರೇ. ತೋಳಿಲ್ದೆ ವೇಸ್ಟ್‌ಕೋಟ್ ಮಾಡ್ಕೊಡಿ. ನಂಗೂ ಕೆಲಸ ಮಾಡ್ವಾಗ ತೋಳು ಅಡ್ಡಾನೇ."

ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಮಾಸ್ಟರಿಗೆ.

ಮರುದಿನ ಬೆಳಿಗ್ಗೆ ಅವರು ಪೇಪರು ಮುಟ್ಟಲಿಲ್ಲ. ಅಂಗಡಿಗೆ ಬಂದು ಗೋಡೆಗೆ ಒರಗಿ ಕೂತರು. ಹೆಂಡತಿ ಇನ್ನೂ ಕತ್ತರಿಸದ ಮೈಭಾಗದ ಬಟ್ಟೆಯನ್ನು ಮೇಜಿನ ಮೇಲೆ ಹಾಸಿದಳು. ಕತ್ತರಿ ಎತ್ತಿಕೊಳ್ಳುವ ಮೊದಲು ತನ್ನ ಮಣಿಕಟ್ಟನ್ನು ಒತ್ತಿಕೊಂಡಳು, ಬೆರಳು ಮಡಿಸಿ ಬಿಚ್ಚಿದಳು, ಮತ್ತೆ ಒತ್ತಿಕೊಂಡಳು. ಇಷ್ಟು ವರ್ಷ ಅವಳಿಗೆ ಬೆನ್ನು ಕೊಟ್ಟು ನಿಂತೇ ಕೆಲಸ ಮಾಡಿದ್ದರಿಂದ ಮಾಸ್ಟರು ಇದನ್ನು ನೋಡಿರಲಿಲ್ಲ.

"ಎಷ್ಟು ದಿನದಿಂದ ನೋವು?"

"ಯಾರಿಗ್ ಗೊತ್ತು. ಲೆಕ್ಕ ಇಟ್ಟಿಲ್ಲ."

ಮಾಸ್ಟರು ತಮ್ಮ ಬಲಗೈಯ ಬೆರಳನ್ನೂ ಮಡಿಸಿ ಬಿಚ್ಚಲು ನೋಡಿದರು. "ಇದು ಮೊದಲಿನ ಹಾಗೆ ಆಗಲ್ಲ ಅನ್ಸತ್ತೆ ಕಣೇ" ಎಂದರು. ಆ ಮಾತು ಬಾಯಿಂದ ಬಂದದ್ದು ಅದೇ ಮೊದಲು.

"ಗೊತ್ತು" ಎಂದಳು ಅವಳು, ಬಟ್ಟೆಯ ಸುಕ್ಕು ಸವರುತ್ತ. "ಡಾಕ್ಟ್ರು ನಂಗೆ ಆಸ್ಪತ್ರೇಲೇ ಹೇಳಿದ್ರು."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ದಿನಾ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳ್ತಿದ್ರಾ?"

ಮಾಸ್ಟರಿಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು. ಎರಡನ್ನೂ ಹೊತ್ತುಕೊಂಡು ಓಡಾಡುವ ಶಕ್ತಿ ಇರಲಿಲ್ಲ. ಎದ್ದು ಮೇಜಿನ ಹತ್ತಿರ ಬಂದರು. ಸೀಮೆಸುಣ್ಣ ತೆಗೆದುಕೊಂಡು ವೇಸ್ಟ್‌ಕೋಟಿನ ಕಂಕುಳ ಗೆರೆ ಎಳೆದರು. ಗೆರೆ ಸ್ವಲ್ಪ ನಡುಗಿತು, ಆದರೆ ಜಾಗ ಸರಿಯಾಗಿತ್ತು. ಬಟ್ಟೆ ಜಾರದಂತೆ ಅದರ ಮೇಲೆ ತಮ್ಮ ಸೋತ ಕೈಯನ್ನು ಊರಿದರು.

"ನಿಧಾನ ಕತ್ತರಿಸು" ಎಂದರು. "ಕೈ ನೋವಾದ್ರೆ ನಿಲ್ಸು. ನಾನು ಹಿಡ್ಕೊಂಡಿರ್ತೀನಿ."